ನದಿಯ ದರ್ಜೆ ಮತ್ತು ಕೊನೆಯ ಮನೆಯ ನಲ್ಲಿ

ರಾಜ್ಯದ ನದಿಗಳ ನೀರು ನೇರವಾಗಿ ಕುಡಿಯಲು ಯೋಗ್ಯವಲ್ಲ ಎಂಬ ಸುದ್ದಿ ವರ್ಷದಲ್ಲಿ ಒಮ್ಮೆಯಾದರೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳುದ್ದಕ್ಕೂ ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾದರಿ ತೆಗೆದು ಸಿದ್ಧಪಡಿಸುವ ವರದಿಯಲ್ಲಿ ಕಾವೇರಿಗೆ ಇಂಥ ದರ್ಜೆ, ತುಂಗಭದ್ರೆಗೆ ಇಂಥ ದರ್ಜೆ ಎಂದು ನಮೂದಾಗಿರುತ್ತದೆ. ಅದನ್ನು ಓದಿದವರು ಒಂದೆರಡು ದಿನ ಆತಂಕಪಟ್ಟು ಮಾತಾಡುತ್ತಾರೆ, ನಂತರ ಆ ವಿಷಯ ಮರೆತುಹೋಗುತ್ತದೆ. ಆದರೆ ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯಲ್ಲೋ, ಕಾಲುವೆ ನೀರನ್ನು ಕೆರೆಗೆ ತುಂಬಿಸಿಕೊಂಡು ಬೇಸಿಗೆ ಕಳೆಯುವ ಸಿಂಧನೂರು, ಮಾನ್ವಿ ಭಾಗದ ಹಳ್ಳಿಯಲ್ಲೋ ವಾಸಿಸುವ ಒಂದು ಕುಟುಂಬಕ್ಕೆ ಆ ದರ್ಜೆಯಿಂದ ತಿಳಿಯುವುದೇನು ಎಂದು ಕೇಳಿಕೊಂಡರೆ, ಸಿಗುವ ಉತ್ತರ ಅಷ್ಟು ಸಮಾಧಾನಕರವಾಗಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ 'ಎ'ಯಿಂದ 'ಇ'ವರೆಗೆ ಐದು ದರ್ಜೆಗಳಿವೆ. ಕ್ಲೋರಿನ್‌ನಂಥ ಸೋಂಕುನಿವಾರಕವನ್ನಷ್ಟೇ ಬೆರೆಸಿ ಕುಡಿಯಬಹುದಾದ ನೀರು 'ಎ' ದರ್ಜೆಯದು. ಅದರ 100 ಮಿಲಿಲೀಟರಿನಲ್ಲಿ ಮಾಲಿನ್ಯದ ಸೂಚಕವಾದ ಒಟ್ಟು ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಸಂಖ್ಯೆ 50ನ್ನು ಮೀರಬಾರದು, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 6 ಮಿಲಿಗ್ರಾಂ ಇರಬೇಕು, ಬಿಒಡಿ ಎಂದು ಕರೆಯಲಾಗುವ ಜೈವಿಕ ಆಮ್ಲಜನಕ ಬೇಡಿಕೆ 2 ಮಿಲಿಗ್ರಾಂ ಒಳಗಿರಬೇಕು. 'ಬಿ' ದರ್ಜೆಯ ನೀರು ಸ್ನಾನಕ್ಕೆ ಯೋಗ್ಯ. 'ಸಿ' ದರ್ಜೆಯ ನೀರನ್ನು ತಿಳಿಗೊಳಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಕುಡಿಯಲು ಕೊಡಬಹುದು. ಅಲ್ಲಿ ಕೋಲಿಫಾರ್ಮ್ ಮಿತಿ 5000. 'ಡಿ' ಮೀನು ಮತ್ತು ವನ್ಯಜೀವಿಗಳಿಗೆ, 'ಇ' ನೀರಾವರಿ ಮತ್ತು ಕೈಗಾರಿಕೆಗಳ ತಂಪುಗೊಳಿಸುವಿಕೆಗೆ. ಊರುಗಳನ್ನು ದಾಟಿ ಬಂದ ನದಿಯೊಂದು 'ಎ' ದರ್ಜೆಯಲ್ಲಿ ಉಳಿದಿದ್ದರೆ ಅದೇ ಆಶ್ಚರ್ಯ. 'ಸಿ' ದರ್ಜೆಯ ಕಾವೇರಿ ಬೆಂಗಳೂರಿನವರಿಗೆ ಗಂಡಾಂತರವಾಗದಿರುವುದಕ್ಕೆ ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕಗಳು ಕಾರಣ. ಅದೇ 'ಸಿ' ದರ್ಜೆಯ ನೀರನ್ನು ಹೊಳೆಯ ಪಕ್ಕದ ಪಂಪ್ ಬಾವಿಯಾದ ಜಾಕ್‌ವೆಲ್‌ನಿಂದ ಎತ್ತಿ ನೇರವಾಗಿ ಓವರ್‌ಹೆಡ್ ಟ್ಯಾಂಕಿಗೆ ತುಂಬಿಸುವ ಊರಿನಲ್ಲಿ, ಅಥವಾ ಶುದ್ಧೀಕರಣ ಘಟಕ ಇದ್ದೂ ಅದರ ಮರಳಿನ ಹಾಸನ್ನು ತಿಂಗಳುಗಟ್ಟಲೆ ತೊಳೆಯದ ಊರಿನಲ್ಲಿ, ಅಕ್ಷರ ಅದೇ ಆಗಿದ್ದರೂ ಅದರ ಅರ್ಥ ಸಂಪೂರ್ಣ ಬೇರೆಯಾಗುತ್ತದೆ.

ಇದರ ಜೊತೆಗೆ 'ಕಲುಷಿತ ನದಿ' ಎಂಬ ಇನ್ನೊಂದು ಪಟ್ಟಿಯೂ ಇದೆ. ಕೇಂದ್ರ ಮಂಡಳಿ 2018ರಲ್ಲಿ ದೇಶದಲ್ಲಿ 351 ಕಲುಷಿತ ನದಿಪಾತ್ರಗಳನ್ನು ಗುರುತಿಸಿದಾಗ ಅವುಗಳಲ್ಲಿ 17 ಕರ್ನಾಟಕದವಾಗಿದ್ದವು. ಅರ್ಕಾವತಿ, ಲಕ್ಷ್ಮಣತೀರ್ಥ, ತುಂಗಭದ್ರಾ, ಭದ್ರಾ, ಮಲಪ್ರಭಾ, ಭೀಮಾ, ಕಾಗಿಣಾ ಎಲ್ಲವೂ ಅದರಲ್ಲಿದ್ದವು. ಈ ಪಟ್ಟಿಗೆ ಆಧಾರ ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ. ಯಾವ ಊರಿನ ಒಳಚರಂಡಿ ಎಲ್ಲಿ ನದಿಗೆ ಸೇರುತ್ತಿದೆ ಎಂದು ಪತ್ತೆ ಹಚ್ಚಲು ಅದು ಒಳ್ಳೆಯ ಅಳತೆ. ಇಂದು ಬೆಳಿಗ್ಗೆ ನಲ್ಲಿಯಲ್ಲಿ ಬಂದ ಕೊಡ ನೀರು ಮಗುವಿಗೆ ಕುಡಿಸಲು ಯೋಗ್ಯವೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕುವಂತಿಲ್ಲ.

ನದಿ ನೀರು ಇಷ್ಟೊಂದು ಹಳ್ಳಿಗಳಿಗೆ ಬಂದ ಬಗೆಯನ್ನು ತಿಳಿಯದೆ ಪರೀಕ್ಷೆಯ ಮಾತು ಪೂರ್ಣವಾಗುವುದಿಲ್ಲ. ಕೊಪ್ಪಳ, ರಾಯಚೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಬಹುಪಾಲು ಗ್ರಾಮಗಳು ಕೊಳವೆಬಾವಿಯನ್ನೇ ನಂಬಿದ್ದ ಕಾಲದಲ್ಲಿ ಅಲ್ಲಿನ ದೊಡ್ಡ ಪಿಡುಗು ಫ್ಲೋರೈಡ್ ಆಗಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರು ಕುಡಿದವರ ಹಲ್ಲು ಕಂದುಗಟ್ಟಿ, ಬೆನ್ನು ಬಾಗಿ, ಮಂಡಿ ಬಿಗಿದ ಉದಾಹರಣೆಗಳು ಈ ಜಿಲ್ಲೆಗಳಲ್ಲಿ ಹೇರಳ. ಪರಿಹಾರವಾಗಿ ಬಂದವು ನದಿ ಮತ್ತು ಜಲಾಶಯಗಳ ನೀರನ್ನು ಹತ್ತಾರು ಊರುಗಳಿಗೆ ಒಟ್ಟಿಗೆ ತಲುಪಿಸುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಅವುಗಳಿಗೆ ವೇಗ ಕೊಟ್ಟಿತು. ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆಯ ನಲ್ಲಿಗೇ ಬರಬೇಕೆಂಬುದು ಅದರ ಗುರಿ, ನಮ್ಮಲ್ಲಿ ಅದರ ಹೆಸರು 'ಮನೆ ಮನೆಗೆ ಗಂಗೆ'. ಈ ಬದಲಾವಣೆಯಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊಳವೆಬಾವಿಯಿಂದ ನದಿಗೆ ಬಂದಾಗ ಅಪಾಯದ ಸ್ವರೂಪವೇ ಬದಲಾಯಿತು ಎಂಬುದನ್ನು ನಮ್ಮ ಪರೀಕ್ಷಾ ಪದ್ಧತಿ ಇನ್ನೂ ಪೂರ್ಣವಾಗಿ ಅರಗಿಸಿಕೊಂಡಿಲ್ಲ. ಫ್ಲೋರೈಡ್ ವರ್ಷಗಟ್ಟಲೆ ಕುಡಿದ ಮೇಲೆ ಕಾಡುತ್ತದೆ, ಅದರ ಪ್ರಮಾಣ ತಿಂಗಳಿನಿಂದ ತಿಂಗಳಿಗೆ ಅಷ್ಟಾಗಿ ಏರಿಳಿಯುವುದಿಲ್ಲ, ಆದ್ದರಿಂದ ವರ್ಷಕ್ಕೊಮ್ಮೆ ಅಳೆದರೂ ನಡೆಯುತ್ತದೆ. ಮಲದಿಂದ ನೀರಿಗೆ ಸೇರುವ ರೋಗಾಣುಗಳು ಒಂದೇ ರಾತ್ರಿಯಲ್ಲಿ ಬರಬಲ್ಲವು, ಒಂದೇ ದಿನದಲ್ಲಿ ಊರನ್ನು ಹಾಸಿಗೆ ಹಿಡಿಸಬಲ್ಲವು. ಪ್ರತಿ ಕುಡಿಯುವ ನೀರಿನ ಮೂಲವನ್ನೂ ವರ್ಷಕ್ಕೊಮ್ಮೆ ರಾಸಾಯನಿಕವಾಗಿ, ಮಳೆಗಾಲದ ಮೊದಲು ಮತ್ತು ನಂತರ ಒಟ್ಟು ಎರಡು ಬಾರಿ ಜೈವಿಕವಾಗಿ ಪರೀಕ್ಷಿಸಬೇಕೆಂಬ ಮಾರ್ಗಸೂಚಿಯನ್ನು ಹೊಳೆಯ ನೀರಿನ ವಿಷಯದಲ್ಲಿ ತೀರ ಕನಿಷ್ಠವೆಂದೇ ತಿಳಿಯಬೇಕು. ಮೊದಲ ಮಳೆಗೆ ದಂಡೆಯ ಮೇಲಿನ ಕಸ, ಸಗಣಿ, ಮಲವೆಲ್ಲ ಕೊಚ್ಚಿಕೊಂಡು ಹೊಳೆಗೆ ಸೇರುವ ಆ ಹತ್ತು ಹದಿನೈದು ದಿನಗಳೇ ಈ ಎರಡು ಪರೀಕ್ಷೆಗಳ ನಡುವೆ ಜಾರಿಹೋಗಬಹುದು.

ಮೂಲವನ್ನು ಪರೀಕ್ಷಿಸಿದರೆ ಸಾಕು ಎಂಬ ಭಾವನೆಯೂ ಅಪಾಯಕರ. ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ 2021ರಲ್ಲಿ, ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ 2023ರ ಮೇ ತಿಂಗಳಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತಾಗ ಮುಖ್ಯವಾಗಿ ಪ್ರಸ್ತಾಪವಾದದ್ದು ನೀರಿನ ಕೊಳವೆಗೆ ಕೊಳಚೆ ಸೇರಿದ ಸಂಗತಿ. ಇದು ಆಗುವ ಬಗೆ ಸರಳವಾಗಿದೆ. ನಮ್ಮ ಹಳ್ಳಿಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ದಿನಕ್ಕೆ ಒಂದು ಗಂಟೆ, ಕೆಲವೆಡೆ ಮೂರು ನಾಲ್ಕು ದಿನಕ್ಕೊಮ್ಮೆ. ನೀರು ನಿಂತ ಮೇಲೆ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ, ಎಲ್ಲಿಯಾದರೂ ಸಣ್ಣ ಬಿರುಕಿದ್ದರೆ ಹೊರಗಿನ ಕೊಳಚೆಯನ್ನು ಕೊಳವೆ ಒಳಕ್ಕೆ ಎಳೆದುಕೊಳ್ಳುತ್ತದೆ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಒತ್ತಡ ಸಾಲದೆ ಮನೆಯ ಮುಂದೆ ಗುಂಡಿ ತೋಡಿ, ನಲ್ಲಿಯನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿಕೊಳ್ಳುವುದು ರೂಢಿ. ಮಳೆ ಬಂದರೆ ಆ ಗುಂಡಿ ತುಂಬುತ್ತದೆ, ಪಕ್ಕದ ಚರಂಡಿ ಉಕ್ಕಿದರೂ ತುಂಬುತ್ತದೆ, ನಲ್ಲಿಯ ಬಾಯಿ ಆ ನೀರಿನಲ್ಲೇ ಮುಳುಗಿರುತ್ತದೆ. ವಾಲ್ವ್ ಕೂರಿಸಿದ ಗುಂಡಿಗಳ ಕತೆಯೂ ಇದೇ. ಶುದ್ಧೀಕರಣ ಘಟಕದ ಬಾಗಿಲಲ್ಲಿ ತೆಗೆದ ಮಾದರಿ ಎಷ್ಟೇ ಶುದ್ಧವಾಗಿರಲಿ, ಈ ಗುಂಡಿಯ ವಿಷಯವನ್ನು ಅದು ಹೇಳಲಾರದು.

ಹಾಗಾದರೆ ಗ್ರಾಮ ಮಟ್ಟದಲ್ಲಿ ನದಿ ಮೂಲದ ನೀರಿಗೆ ನಿಜಕ್ಕೂ ಮಾಡಬೇಕಾದ ಪರೀಕ್ಷೆಗಳು ಯಾವುವು? ಐಎಸ್ 10500ರಲ್ಲಿ ಹತ್ತಾರು ಅಂಶಗಳಿವೆ, ಎಲ್ಲವನ್ನೂ ಹಳ್ಳಿಯಲ್ಲಿ ಅಳೆಯುವುದು ಅಸಾಧ್ಯ, ಅನಗತ್ಯವೂ ಹೌದು. ನನ್ನ ದೃಷ್ಟಿಯಲ್ಲಿ ದಿನನಿತ್ಯದ ಮಟ್ಟಿಗೆ ಮೂರು ಮುಖ್ಯ: ನೀರಿನ ಕದಡು, ಉಳಿಕೆ ಕ್ಲೋರಿನ್ (ಬೆರೆಸಿದ್ದರಲ್ಲಿ ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್), ಮಲಮೂಲದ ಬ್ಯಾಕ್ಟೀರಿಯಾ. ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಕದಡು ಎನ್‌ಟಿಯು ಎಂಬ ಮಾನದಲ್ಲಿ 1ರೊಳಗೆ, ಅನಿವಾರ್ಯವಾದರೆ 5ರವರೆಗೆ ಇರಬಹುದು ಎನ್ನುತ್ತದೆ ಮಾನಕ. ಆ ಮಿತಿ ಕಣ್ಣಿನ ಸಮಾಧಾನಕ್ಕಾಗಿ ಇಟ್ಟದ್ದಲ್ಲ. ಮಣ್ಣಿನ ಕಣಗಳು ಕ್ಲೋರಿನ್ನನ್ನು ತಾವೇ ಕುಡಿದುಬಿಡುತ್ತವೆ, ಜೊತೆಗೆ ರೋಗಾಣುಗಳಿಗೆ ಮರೆಯಾಗುತ್ತವೆ. ಆಷಾಢ ಶ್ರಾವಣದ ಕೆಂಪು ನೀರಿಗೆ ಬೇಸಿಗೆಯಲ್ಲಿ ಹಾಕಿದಷ್ಟೇ ಬ್ಲೀಚಿಂಗ್ ಪೌಡರ್ ಹಾಕಿ ಕೈತೊಳೆದುಕೊಂಡರೆ ಅದು ಹಾಕದಿದ್ದಂತೆಯೇ ಸರಿ. ಮೊದಲು ಆಲಂ (ಪಟಿಕ) ಬೆರೆಸಿ ಕಣಗಳನ್ನು ತಳಕ್ಕಿಳಿಸಿ ಸೋಸಬೇಕು.

ಬ್ಲೀಚಿಂಗ್ ಪೌಡರಿನ ಲೆಕ್ಕವೂ ಊರಿನವರಿಗೆಲ್ಲ ತಿಳಿದಿರಬೇಕಾದದ್ದು. ತಾಜಾ ಪುಡಿಯಲ್ಲಿ ಮೂರನೆಯ ಒಂದು ಭಾಗದಷ್ಟು ಬಳಕೆಗೆ ಬರುವ ಕ್ಲೋರಿನ್ ಇರುತ್ತದೆ. ಚೀಲದ ಬಾಯಿ ಬಿಚ್ಚಿ ತೇವದಲ್ಲಿಟ್ಟರೆ ವಾರಗಳಲ್ಲೇ ಅದು ಇಳಿಯುತ್ತಾ ಹೋಗುತ್ತದೆ. ನಾಲ್ಕನೆಯ ಒಂದು ಭಾಗವೆಂದು ಹಿಡಿದರೂ, 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಪ್ರಮಾಣದಲ್ಲಿ ಕ್ಲೋರಿನ್ ಸೇರಿಸಲು 400 ಗ್ರಾಂ ಪುಡಿ ಬೇಕು. ಅದನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿ ನೀರನ್ನು ಮಾತ್ರ ಟ್ಯಾಂಕಿಗೆ ಸುರಿದು, ಕನಿಷ್ಠ ಅರ್ಧ ಗಂಟೆ ಬಿಟ್ಟು ನಂತರ ವಾಲ್ವ್ ತಿರುಗಿಸಬೇಕು. ಇಷ್ಟು ಮಾಡಿದ ಮೇಲೂ ಸರಿಯಾಗಿ ಮಾಡಿದ್ದೇವೆಯೇ ಎಂಬುದಕ್ಕೆ ಟ್ಯಾಂಕಿನ ಬಳಿ ಪುರಾವೆ ಸಿಗುವುದಿಲ್ಲ. ಊರಿನ ಕೊನೆಯ ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದರೆ, ಬಳಸಿದ ರಾಸಾಯನಿಕಕ್ಕೆ ತಕ್ಕಂತೆ ಹಳದಿ ಅಥವಾ ಗುಲಾಬಿ ಬಣ್ಣ ಬರುತ್ತದೆ. ಬಣ್ಣದ ಗಾಢತೆಯನ್ನು ಪಟ್ಟಿಯೊಡನೆ ಹೋಲಿಸಿದರೆ ಪ್ರಮಾಣ ತಿಳಿಯುತ್ತದೆ. ಐದು ನಿಮಿಷವೂ ಹಿಡಿಯದ ಈ ಪರೀಕ್ಷೆ ಪ್ರಯೋಗಾಲಯದ ಹತ್ತು ಪುಟದ ವರದಿಗಿಂತ ಹೆಚ್ಚು ಉಪಯುಕ್ತ ಎಂದು ಹೇಳಲು ನನಗೆ ಸಂಕೋಚವಿಲ್ಲ. ಏಕೆಂದರೆ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಇದ್ದಕ್ಕಿದ್ದಂತೆ ಕಾಣದಾದರೆ, ಒಂದೋ ಟ್ಯಾಂಕಿಗೆ ಪುಡಿ ಬಿದ್ದಿಲ್ಲ, ಇಲ್ಲವೇ ದಾರಿಯಲ್ಲಿ ಎಲ್ಲೋ ಕೊಳಚೆ ಸೇರಿ ಅದನ್ನು ತಿಂದುಹಾಕಿದೆ. ಎರಡೂ ಅಂದೇ ತಿಳಿಯಬೇಕಾದ ವಿಷಯಗಳು.

ಬ್ಯಾಕ್ಟೀರಿಯಾ ಪರೀಕ್ಷೆ ಸ್ವಲ್ಪ ತೊಡಕಿನದು. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಒಂದೂ ಪತ್ತೆಯಾಗಬಾರದು ಎಂಬುದು ನಿಯಮ. ಇ-ಕೋಲಿ ಮನುಷ್ಯನ ಮತ್ತು ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ವಾಸಿಸುವುದರಿಂದ ಅದು ಕಂಡರೆ ನೀರಿಗೆ ಇತ್ತೀಚೆಗೆ ಮಲ ಸೇರಿದೆ ಎಂದೇ ಅರ್ಥ. ಆದರೆ ಈ ಪರೀಕ್ಷೆಯ ಹಣೆಬರಹ ಬಹುಮಟ್ಟಿಗೆ ಮಾದರಿ ತೆಗೆಯುವ ಕೈಯಲ್ಲಿದೆ. ಕುಡಿದು ಬಿಟ್ಟ ಮಿನರಲ್ ವಾಟರ್ ಬಾಟಲಿಯಲ್ಲಿ ನೀರು ಹಿಡಿದು, ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಒಯ್ದು, ಮರುದಿನ ಮಧ್ಯಾಹ್ನ ಪ್ರಯೋಗಾಲಯಕ್ಕೆ ಕೊಟ್ಟರೆ ಬರುವ ಫಲಿತಾಂಶ ನೀರಿನದೋ ಬಾಟಲಿಯದೋ ಹೇಳುವುದು ಕಷ್ಟ. ಬಾಟಲಿ ಕ್ರಿಮಿಶುದ್ಧವಾಗಿರಬೇಕು. ಕ್ಲೋರಿನ್ ಬೆರೆತ ನೀರಾದರೆ ಬಾಟಲಿಯಲ್ಲಿ ಮೊದಲೇ ಕ್ಲೋರಿನ್ನನ್ನು ತಟಸ್ಥಗೊಳಿಸುವ ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು, ನಲ್ಲಿಯಲ್ಲಿ ಜೀವಂತವಾಗಿದ್ದ ಬ್ಯಾಕ್ಟೀರಿಯಾ ಪ್ರಯೋಗಾಲಯ ತಲುಪುವಷ್ಟರಲ್ಲಿ ಸತ್ತಿರುತ್ತದೆ. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ನಂತರ ಹಿಡಿಯಬೇಕು. ಹೊಳೆಯಿಂದಲೇ ತೆಗೆಯುವುದಾದರೆ ದಂಡೆಯ ನಿಂತ ನೀರನ್ನು ಬಿಟ್ಟು, ಹರಿವಿಗೆ ಎದುರಾಗಿ ಬಾಟಲಿಯ ಬಾಯಿ ಹಿಡಿದು, ಮೇಲ್ಮೈಗಿಂತ ಒಂದು ಗೇಣು ಕೆಳಗಿನ ನೀರನ್ನು ತುಂಬಿಸಬೇಕು. ನಂತರ ಐಸ್ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ ಆರು ಗಂಟೆಯೊಳಗೆ, ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಪ್ರಯೋಗಾಲಯ ಸೇರಿಸಬೇಕು.

ಪ್ರಯೋಗಾಲಯ ದೂರವಿರುವ ಊರುಗಳಿಗೆ ನೆರವಾಗುವುದು ಎಚ್2ಎಸ್ ಬಾಟಲಿ. ಕೆ. ಎಸ್. ಮಂಜ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಈ ವಿಧಾನ ನಮ್ಮ ದೇಶದ್ದೇ ಕೊಡುಗೆ. ಇಂದು ಅನೇಕ ಬಡ ದೇಶಗಳಲ್ಲಿ ಬಳಕೆಯಲ್ಲಿದೆ. ಪೋಷಕಾಂಶ ಮತ್ತು ಕಬ್ಬಿಣದ ಲವಣ ಹೀರಿಸಿ ಒಣಗಿಸಿದ ಕಾಗದದ ತುಂಡಿರುವ ಚಿಕ್ಕ ಬಾಟಲಿಗೆ ಗುರುತಿನವರೆಗೆ ನೀರು ತುಂಬಿಸಿ, ಮನೆಯ ಬೆಚ್ಚನೆಯ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲಸಂಬಂಧಿ ಬ್ಯಾಕ್ಟೀರಿಯಾಗಳು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಕಬ್ಬಿಣದೊಡನೆ ಸೇರಿ ನೀರು ಕಪ್ಪಾಗುತ್ತದೆ. ಕಪ್ಪಾದ ಬಾಟಲಿಗೆ ಭಾಷಾಂತರ ಬೇಡ, ಯಾರಿಗೆ ತೋರಿಸಿದರೂ ಅರ್ಥವಾಗುತ್ತದೆ. ಮಿತಿಗಳೂ ಇವೆ: ಗಂಧಕದ ಅಂಶ ಸಹಜವಾಗಿಯೇ ಇರುವ ನೀರಿನಲ್ಲಿ ತಪ್ಪು ಎಚ್ಚರಿಕೆ ಬರಬಹುದು, ವೈರಸ್‌ಗಳ ವಿಷಯ ಅದು ಹೇಳುವುದಿಲ್ಲ, ಎಷ್ಟು ಎಂಬ ಲೆಕ್ಕವೂ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಫಲಿತಾಂಶ ಬರುವಷ್ಟರಲ್ಲಿ ಆ ನೀರನ್ನು ಊರು ಕುಡಿದು ಮುಗಿಸಿರುತ್ತದೆ. ಆದ್ದರಿಂದಲೇ ದಿನದ ಕಾವಲಿಗೆ ಕ್ಲೋರಿನ್ ಪರೀಕ್ಷೆ, ಅದರ ತಾಳೆಗೆ ಈ ಬಾಟಲಿ ಎಂಬ ಕ್ರಮ ಸರಿ.

ಇಲ್ಲಿ ಟಿಡಿಎಸ್ ಪೆನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರಿನಲ್ಲಿ ಅದ್ದಿದರೆ ಅಂಕಿ ತೋರಿಸುವ ಈ ಉಪಕರಣ ಈಗ ಊರೂರಿಗೆ ಬಂದಿದೆ, ಶುದ್ಧ ಕುಡಿಯುವ ನೀರಿನ ಘಟಕಗಳ ಮುಂದೆ ಅದನ್ನು ಹಿಡಿದು ನೀರಿನ ಯೋಗ್ಯತೆ ತೀರ್ಮಾನಿಸುವವರಿದ್ದಾರೆ. ಅದು ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳ ಅಂದಾಜನ್ನು ಮಾತ್ರ. ಫ್ಲೋರೈಡ್ ಎಷ್ಟಿದೆ, ನೈಟ್ರೇಟ್ ಎಷ್ಟಿದೆ ಎಂದು ಬಿಡಿಸಿ ಹೇಳಲು ಅದಕ್ಕೆ ಬರುವುದಿಲ್ಲ, ಬ್ಯಾಕ್ಟೀರಿಯಾವಂತೂ ಅದರ ಪಾಲಿಗೆ ಇಲ್ಲವೇ ಇಲ್ಲ. ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಲವಣಾಂಶ ಕಡಿಮೆ. ಕಾಲರಾ ರೋಗಾಣು ತುಂಬಿದ ಹೊಳೆ ನೀರಿಗೂ ಆ ಪೆನ್ನು ಉತ್ತಮ ಅಂಕಿಯನ್ನೇ ಕೊಡುತ್ತದೆ. ಎರಡು ಲೋಟ ನೀರಿಗೆ ವಿದ್ಯುತ್ ಕಡ್ಡಿ ಇಳಿಬಿಟ್ಟು, ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗುವುದನ್ನು ತೋರಿಸಿ ಯಂತ್ರ ಮಾರುವ ಮಾರಾಟಗಾರರ ಆಟವೂ ಇಂಥದ್ದೇ. ಆ ಕಂದು ಕೊಳೆ ನೀರಿನಲ್ಲಿದ್ದದ್ದಲ್ಲ, ಕರಗಿದ ಲವಣಗಳ ಮೂಲಕ ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿಯೇ ಸವೆದು ಬಿಟ್ಟ ತುಕ್ಕು.

ರಾಸಾಯನಿಕ ಮಾಲಿನ್ಯವನ್ನು ಹಗುರವಾಗಿ ಕಾಣಬೇಕೆಂದು ಇದರ ಅರ್ಥವಲ್ಲ. ಶಿವಮೊಗ್ಗ, ಭದ್ರಾವತಿಗಳ ಕೊಳಚೆಯನ್ನು ಹೊತ್ತು ಕೂಡಲಿಯಲ್ಲಿ ಒಂದಾಗುವ ತುಂಗೆ ಮತ್ತು ಭದ್ರೆ, ಹರಿಹರದ ಬಳಿ ಕಾರ್ಖಾನೆಯ ತ್ಯಾಜ್ಯದಿಂದ ಮೀನುಗಳು ಸತ್ತು ತೇಲಿದ 1980ರ ದಶಕದ ನೆನಪು, ಅದರ ವಿರುದ್ಧ ದಂಡೆಯ ಹಳ್ಳಿಗರು ನಡೆಸಿದ ದೀರ್ಘ ಹೋರಾಟ, ಇವೆಲ್ಲ ಆ ಭಾಗದವರಿಗೆ ಹೊಸತಲ್ಲ. ಇತ್ತೀಚಿನ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಪಾಚಿಯಿಂದ ಹಸಿರುಗಟ್ಟುವುದೂ ಸುದ್ದಿಯಾಗಿದೆ; ಗದ್ದೆಗಳ ಗೊಬ್ಬರ ಮತ್ತು ಊರುಗಳ ಕೊಳಚೆಯಿಂದ ಬರುವ ಸಾರಜನಕ, ರಂಜಕಗಳು ಇಂಥ ಪಾಚಿಗೆ ಆಹಾರ. ಭತ್ತದ ನಾಡಿನ ಕಾಲುವೆಗಳಿಂದ ಕೆರೆ ತುಂಬಿಸಿಕೊಳ್ಳುವ ಊರುಗಳಲ್ಲಿ ಕೀಟನಾಶಕದ ಪ್ರಶ್ನೆಯೂ ಇದೆ. ಇವು ಯಾವುವೂ ಪಂಚಾಯಿತಿಗೆ ಕೊಟ್ಟ ಕ್ಷೇತ್ರ ಪರೀಕ್ಷಾ ಕಿಟ್‌ನ ಅಳವಿಗೆ ಸಿಗುವಂಥವಲ್ಲ. ಆ ಕಿಟ್‌ನಿಂದ ಆಮ್ಲೀಯತೆ, ಗಡಸುತನ, ಕ್ಲೋರೈಡ್, ಕಬ್ಬಿಣ, ನೈಟ್ರೇಟ್, ಫ್ಲೋರೈಡ್, ಉಳಿಕೆ ಕ್ಲೋರಿನ್ ಮುಂತಾದವುಗಳನ್ನು ಬಣ್ಣದ ಬದಲಾವಣೆಯಿಂದ ಅಂದಾಜು ಮಾಡಬಹುದು, ಅಷ್ಟೆ. ಕೀಟನಾಶಕ ಮತ್ತು ಭಾರಲೋಹಗಳಿಗೆ ದುಬಾರಿ ಯಂತ್ರಗಳಿರುವ ಪ್ರಯೋಗಾಲಯವೇ ಬೇಕು, ಅದರ ಹೊಣೆ ಯೋಜನೆ ನಡೆಸುವ ಇಲಾಖೆಯದಾಗಬೇಕೇ ಹೊರತು ಊರಿನವರದಲ್ಲ.

ಪರೀಕ್ಷೆ ಮಾಡುವವರು ಯಾರು ಎಂಬುದಕ್ಕೆ ಜಲ ಜೀವನ್ ಮಿಷನ್ ಒಂದು ಒಳ್ಳೆಯ ಉತ್ತರ ಕೊಟ್ಟಿದೆ: ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ. ಪ್ರಯೋಗಾಲಯಗಳನ್ನು ಅಲ್ಪ ಶುಲ್ಕಕ್ಕೆ ಸಾರ್ವಜನಿಕರಿಗೆ ತೆರೆದಿರುವುದು, ಫಲಿತಾಂಶಗಳನ್ನು ಅಂತರ್ಜಾಲದಲ್ಲಿ ದಾಖಲಿಸುವ ವ್ಯವಸ್ಥೆ ಮಾಡಿರುವುದು ಸಹ ಮೆಚ್ಚತಕ್ಕ ಕ್ರಮಗಳು. ತೊಡಕು ಇರುವುದು ಫಲಿತಾಂಶ ಬಂದ ನಂತರದ ಹೆಜ್ಜೆಯಲ್ಲಿ. ಬಾಟಲಿ ಕಪ್ಪಾಯಿತು ಎಂದು ಮಹಿಳೆಯೊಬ್ಬರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ತಿಳಿಸಿದರೆ, ಅಂದೇ ಆ ಬೀದಿಗೆ ನೀರು ನಿಲ್ಲಿಸಿ ಟ್ಯಾಂಕರ್ ಕಳಿಸುವ ಅಧಿಕಾರ ಯಾರಿಗಿದೆ, ಕೊಳವೆ ಅಗೆದು ನೋಡುವ ಖರ್ಚು ಯಾವ ಲೆಕ್ಕಕ್ಕೆ, ಮರುಪರೀಕ್ಷೆ ಎಷ್ಟು ದಿನದೊಳಗೆ ಎಂಬುದು ಅನೇಕ ಕಡೆ ಸ್ಪಷ್ಟವಿರುವುದಿಲ್ಲ. ನೀರು ಪೂರೈಸುವವರೇ ನೀರಿನ ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡುವ ವ್ಯವಸ್ಥೆಯಲ್ಲಿ ಕೆಟ್ಟ ಫಲಿತಾಂಶವನ್ನು ದಾಖಲಿಸಲು ಹಿಂಜರಿಕೆ ಹುಟ್ಟುವುದು ಸಹಜ. ಆರೋಗ್ಯ ಇಲಾಖೆಯ ಸಿಬ್ಬಂದಿಯೂ ನೀರಿನ ಮಾದರಿ ತೆಗೆಯುವುದುಂಟು. ಆ ಎರಡು ದಾಖಲೆಗಳನ್ನು ತಿಂಗಳಿಗೊಮ್ಮೆ ಎದುರುಬದುರು ಇಟ್ಟು ನೋಡಿದರೆ ಸಾಕು, ಎಷ್ಟೋ ಸಂಗತಿಗಳು ಹೊರಬರುತ್ತವೆ.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಒಂದು ನಿಮಿಷ ಕೊತಕೊತ ಕುದಿಸಿದ ನೀರಿನಲ್ಲಿ ಬ್ಯಾಕ್ಟೀರಿಯಾ, ವೈರಸ್ ಎರಡೂ ಉಳಿಯುವುದಿಲ್ಲ. ನಲ್ಲಿಗೆ ಬಟ್ಟೆ ಕಟ್ಟುವ ನಮ್ಮ ಹಳೆಯ ರೂಢಿಯನ್ನೂ ತಳ್ಳಿಹಾಕಬೇಕಾಗಿಲ್ಲ; ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಹೊಳೆ, ಕೆರೆಗಳ ನೀರು ಸೋಸಿದಾಗ ಕಾಲರಾ ಪ್ರಕರಣಗಳು ಶೇ 48ರಷ್ಟು ಕಡಿಮೆಯಾದವೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಾಲರಾ ರೋಗಾಣುಗಳು ನೀರಿನ ಸೂಕ್ಷ್ಮ ಪ್ರಾಣಿಗಳಿಗೆ ಅಂಟಿಕೊಂಡಿರುವುದರಿಂದ ಆ ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಒಂಟಿಯಾಗಿ ತೇಲುವ ಇತರ ಬ್ಯಾಕ್ಟೀರಿಯಾಗಳಿಗೆ ಬಟ್ಟೆ ತಡೆಯಲ್ಲ. ಪಾತ್ರೆ ತೊಳೆಯುವ, ಸೊಪ್ಪು ತರಕಾರಿ ತೊಳೆಯುವ, ಮಗುವಿನ ಬಾಯಿ ತೊಳೆಯುವ ನೀರು ಮಾತ್ರ ಯಾರೂ ಕುದಿಸುವುದಿಲ್ಲ, ಕುದಿಸಲು ಸೌದೆಯಾಗಲಿ ಗ್ಯಾಸ್ ಆಗಲಿ ಸಾಲುವುದೂ ಇಲ್ಲ. ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ ಎಂಬ ಲೆಕ್ಕ ರೋಗಾಣುವಿಗೆ ಅನ್ವಯಿಸುವುದಿಲ್ಲವಾದ್ದರಿಂದ ಮನೆಯ ಒಲೆಯನ್ನೇ ನೆಚ್ಚಿ ಕೊಳವೆಯನ್ನು ಮರೆಯುವಂತಿಲ್ಲ.

ಕಾನೂನಿನ ವಿಚಿತ್ರವೊಂದು ಇಲ್ಲಿದೆ. ಅಂಗಡಿಯಲ್ಲಿ ಮಾರುವ ಒಂದು ಲೀಟರ್ ಬಾಟಲಿ ನೀರಿಗೆ ಪ್ರತ್ಯೇಕ ಮಾನಕವಿದೆ, ತಪ್ಪಿದರೆ ಶಿಕ್ಷೆಗೆ ಗುರಿಪಡಿಸಲು ಅವಕಾಶವಿದೆ. ಲಕ್ಷಾಂತರ ಮನೆಗಳಿಗೆ ನಲ್ಲಿಯಲ್ಲಿ ಬರುವ ನೀರಿಗೆ ಐಎಸ್ 10500 ಅಳತೆಗೋಲಾಗಿದ್ದರೂ, ಸರಬರಾಜು ಮಾಡುವವರು ಅದನ್ನು ಪಾಲಿಸಲೇಬೇಕೆಂಬ ಅಂಥದೇ ಬಿಗಿಯಾದ ಕಡ್ಡಾಯವಿಲ್ಲ. ಕಾನೂನು ಬದಲಾಗುವವರೆಗೆ ಗ್ರಾಮ ಪಂಚಾಯಿತಿಗಳು ತಾವಾಗಿ ಮಾಡಬಹುದಾದ ಕೆಲಸವೊಂದಿದೆ: ಕಚೇರಿಯ ಗೋಡೆಯ ಮೇಲೆ, ಕಾಮಗಾರಿಗಳ ಪಟ್ಟಿಯ ಪಕ್ಕದಲ್ಲೇ, ಟ್ಯಾಂಕಿನಲ್ಲಿ ಮತ್ತು ಕೊನೆಯ ಬೀದಿಯ ನಲ್ಲಿಯಲ್ಲಿ ಆ ದಿನ ಉಳಿದಿದ್ದ ಕ್ಲೋರಿನ್ ಎಷ್ಟು ಎಂಬ ಎರಡು ಅಂಕಿಗಳನ್ನು, ಅಳೆದವರ ಸಹಿಯೊಂದಿಗೆ ಬರೆದು ಹಾಕುವುದು. ಅದಕ್ಕೆ ಹೊಸ ಅನುದಾನವೂ ಬೇಡ, ಮೇಲಿನವರ ಆದೇಶವೂ ಬೇಡ.